ರೋಗಿಯ ಸಾಗಣೆ: ನೆಲದ ಹಾದಿಯೋ, ಗಗನಮಾರ್ಗವೋ?

ಊರು ಬಿಟ್ಟು ಮಹಾನಗರಗಳಲ್ಲಿ ನೆಲೆ ನಿಂತ ಕನ್ನಡಿಗರ ಬಹುಪಾಲು ಸಂಸಾರಗಳಿಗೆ ಎರಡು ಮನೆಗಳುಂಟು. ಒಂದು ಡೊಂಬಿವಲಿಯಲ್ಲೋ ಚಿಂಚವಡದಲ್ಲೋ ಕಾಚಿಗುಡದಲ್ಲೋ ಕಂತು ಕಟ್ಟಿ ಕೊಂಡದ್ದು. ಇನ್ನೊಂದು ತಂದೆತಾಯಿಗಳು ದೀಪ ಹಚ್ಚಿಕೊಂಡು ಕಾದಿರುವ ಊರಿನ ಮನೆ. ಎರಡರ ನಡುವಣ ಅಂತರ ಹಬ್ಬಹರಿದಿನಗಳಲ್ಲಿ ರೈಲು ಟಿಕೆಟಿನ ಲೆಕ್ಕವಷ್ಟೆ. ಹಿರಿಯರೊಬ್ಬರು ಕುಸಿದು ಬಿದ್ದ ಸುದ್ದಿ ಬಂದಾಗ ಅದೇ ಅಂತರ ಬೇರೆ ರೂಪ ತಾಳುತ್ತದೆ. ತಾಲೂಕು ಆಸ್ಪತ್ರೆಯ ವೈದ್ಯರು "ಇಲ್ಲಿ ಇಷ್ಟೇ ಆಗುವುದು, ದೊಡ್ಡ ಆಸ್ಪತ್ರೆಗೆ ಒಯ್ಯಿರಿ" ಎನ್ನುತ್ತಾರೆ. ಯಾವ ಆಸ್ಪತ್ರೆ, ಯಾವ ವಾಹನ ಎಂಬುದನ್ನು ನೂರಾರು ಕಿಲೋಮೀಟರ್ ಆಚೆ ಇರುವ ಮಗನೋ ಮಗಳೋ ದೂರವಾಣಿಯಲ್ಲೇ ನಿಶ್ಚಯಿಸಬೇಕು. ವಿಮಾನದಲ್ಲಿ ತರಿಸಿದರೆ ಹೇಗೆ ಎಂಬ ಮಾತು ಆಗ ಬಂದೇ ಬರುತ್ತದೆ.

ಹಿಂದೆ ಇದು ಸಿರಿವಂತರಿಗೂ ಮಂತ್ರಿಮಹೋದಯರಿಗೂ ಮೀಸಲಾದ ಮಾತಾಗಿತ್ತು. ಇಂದು ಮಧ್ಯಮವರ್ಗದ ಸಂಸಾರವೂ ನಿವೃತ್ತಿಯ ಠೇವಣಿ ಮುರಿದೋ, ಚಿನ್ನ ಅಡವಿಟ್ಟೋ ವಿಮಾನ ಗೊತ್ತುಮಾಡುವುದುಂಟು. ಅದರಿಂದ ರೋಗಿಗೆ ನಿಜವಾಗಿ ಪ್ರಯೋಜನವಾಗುವುದು ಯಾವಾಗ, ರಸ್ತೆಯೇ ಲೇಸೆನಿಸುವುದು ಯಾವಾಗ ಎಂಬುದನ್ನು ಮನಸ್ಸು ಶಾಂತವಾಗಿರುವ ದಿನಗಳಲ್ಲೇ ತಿಳಿದಿರುವುದು ಒಳ್ಳೆಯದು. ಫೋನು ಬಂದ ರಾತ್ರಿ ತಿಳಿದುಕೊಳ್ಳಲು ವ್ಯವಧಾನವಿರುವುದಿಲ್ಲ.

ಗಾಯಾಳುಗಳನ್ನು ವೇಗವಾಗಿ ಸಾಗಿಸಬೇಕೆಂಬ ವಿಚಾರ ರಣರಂಗದಲ್ಲಿ ಹುಟ್ಟಿತು. ಫ್ರಾನ್ಸಿನ ಸೇನಾವೈದ್ಯ ಲಾರೆ 1790ರ ದಶಕದಲ್ಲಿ ಹಗುರವಾದ ಕುದುರೆಗಾಡಿಗಳನ್ನು ಕಟ್ಟಿಸಿ ಅವಕ್ಕೆ 'ಹಾರುವ ಅಂಬುಲೆನ್ಸ್' ಎಂದು ಹೆಸರಿಟ್ಟ. ಅವು ಹಾರುತ್ತಿರಲಿಲ್ಲ, ಓಡುತ್ತಿದ್ದುವು. ಹೆಸರು ಮಾತ್ರ ಮುಂದಿನ ಕಾಲವನ್ನು ಕಂಡಂತಿತ್ತು. ನಿಜವಾಗಿ ಹಾರಿದ ಸೇವೆಗಳಲ್ಲಿ ಹೆಸರಾದದ್ದು ಆಸ್ಟ್ರೇಲಿಯದ 'ಹಾರುವ ವೈದ್ಯ' ಸಂಸ್ಥೆ. ಜಾನ್ ಫ್ಲಿನ್ ಎಂಬ ಪಾದ್ರಿಯ ಪ್ರಯತ್ನದಿಂದ 1928ರ ಮೇ ತಿಂಗಳಲ್ಲಿ ಕ್ಲಾಂಕರಿ ಎಂಬ ಊರಿನಿಂದ ಅದರ ಮೊದಲ ವಿಮಾನ ಹೊರಟಿತು. ಅಲ್ಲಿ ಒಂದು ಕುರಿ ಸಾಕಣೆಯ ಬೀಡಿಗೂ ಆಸ್ಪತ್ರೆಗೂ ನಡುವೆ ನೂರಾರು ಮೈಲಿ ಬಯಲಿತ್ತು, ರಸ್ತೆಯೆಂಬುದೇ ಇರಲಿಲ್ಲ. 1950ರಿಂದ 53ರವರೆಗೆ ನಡೆದ ಕೊರಿಯ ಯುದ್ಧದಲ್ಲಿ ಹೆಲಿಕಾಪ್ಟರುಗಳ ಹೊರಬದಿಗೆ ಡೋಲಿ ಕಟ್ಟಿ ಗಾಯಾಳುಗಳನ್ನು ಗುಡ್ಡಗಾಡಿನಿಂದ ಇಳಿಸಿದರು. ಎರಡೂ ಕಡೆ ಆಕಾಶಮಾರ್ಗವನ್ನು ಹಿಡಿದದ್ದು ನೆಲದ ಹಾದಿ ಇಲ್ಲದ್ದರಿಂದ ಅಥವಾ ಇದ್ದೂ ಇಲ್ಲದಂತಿದ್ದುದರಿಂದ. ನಮ್ಮ ದೇಶದಲ್ಲಿ ಈ ಪ್ರಶ್ನೆ ಬಂದಾಗಲೂ ಈ ಮೂಲಕಾರಣವನ್ನು ನೆನಪಿನಲ್ಲಿಡಬೇಕು.

'ಸುವರ್ಣ ಗಂಟೆ' ಎಂಬ ಮಾತು ಈಗ ಎಲ್ಲರ ಬಾಯಲ್ಲೂ ಇದೆ. ಅಮೆರಿಕದ ಮೇರಿಲ್ಯಾಂಡಿನಲ್ಲಿ ಅಪಘಾತ ಚಿಕಿತ್ಸೆಯ ಕೇಂದ್ರವನ್ನು ಕಟ್ಟಿದ ಡಾ. ಕೌಲಿ ಅದನ್ನು ಪ್ರಚಾರಕ್ಕೆ ತಂದವರು. ಅಪಘಾತವಾದ ಸ್ಥಳದಿಂದ ಶಸ್ತ್ರವೈದ್ಯನ ಕೈಗೆ ಗಾಯಾಳು ಎಷ್ಟು ಬೇಗ ಸೇರುವನೆಂಬುದು ಅದರ ಇಂಗಿತ. ಒಂದು ಆಸ್ಪತ್ರೆಯಲ್ಲಿ ಈಗಾಗಲೇ ಹಾಸಿಗೆಯ ಮೇಲಿದ್ದು, ಡ್ರಿಪ್ಪು, ಆಮ್ಲಜನಕ, ಔಷಧ ಪಡೆಯುತ್ತಿರುವವರನ್ನು ಇನ್ನೊಂದು ಆಸ್ಪತ್ರೆಗೆ ಒಯ್ಯುವಾಗ ಆ ಮಾತನ್ನು ಹಾಗೆಯೇ ಅನ್ವಯಿಸುವುದು ಸಲ್ಲದು. ಜಾಹೀರಾತುಗಳು ಅನ್ವಯಿಸುತ್ತವೆ, ಅದು ಅವುಗಳ ವ್ಯಾಪಾರ.

ಕಾಲದ ಜಮಾ-ಖರ್ಚು

ವಿಮಾನ ವೇಗದ್ದು, ಆದ್ದರಿಂದ ಬೇಗ ತಲಪಿಸುತ್ತದೆ ಎಂಬುದು ಸಹಜವಾದ ಊಹೆ. ಕಾಲವನ್ನು ಎಲ್ಲಿಂದ ಎಣಿಸಬೇಕೆಂಬುದರಲ್ಲಿಯೇ ಈ ಊಹೆ ಎಡವುವುದು. ಚಕ್ರ ಉರುಳಿದ ಗಳಿಗೆಯಿಂದ ಎಣಿಸಿದರೆ ಲೆಕ್ಕ ತಪ್ಪುತ್ತದೆ. ಒಯ್ಯಬೇಕೆಂದು ತೀರ್ಮಾನಿಸಿದ ಗಳಿಗೆಯಿಂದ, ಹೊಸ ಆಸ್ಪತ್ರೆಯ ಹಾಸಿಗೆಯ ಮೇಲೆ ಮಲಗಿಸಿ ಅಲ್ಲಿನ ವೈದ್ಯರು ಕೈಗೆತ್ತಿಕೊಳ್ಳುವವರೆಗೆ ಎಣಿಸಬೇಕು. ರೋಗಿಯನ್ನು ಒಯ್ಯುವ ವಿಮಾನ ಊರ ಪಕ್ಕದಲ್ಲಿ ಕಾದಿರುವುದಿಲ್ಲ. ಅದು ದಿಲ್ಲಿ, ಮುಂಬಯಿ, ಬೆಂಗಳೂರು, ಹೈದರಾಬಾದುಗಳಂಥ ಕಡೆಯಿಂದ ಬರಿದಾಗಿ ಹಾರಿ ಬರಬೇಕು. ಅದಕ್ಕೆ ಮೊದಲು ಹಣ ಸಂದಾಯವಾಗಬೇಕು, ವೈಮಾನಿಕರು, ವೈದ್ಯರು, ದಾದಿ ಒಟ್ಟುಗೂಡಬೇಕು, ಹಾರಾಟದ ಅನುಮತಿ ದೊರೆಯಬೇಕು, ಇಳಿಯಬೇಕಾದ ನಿಲ್ದಾಣ ಆ ಹೊತ್ತಿನಲ್ಲಿ ತೆರೆದಿರಬೇಕು. ಸಣ್ಣ ನಿಲ್ದಾಣಗಳಲ್ಲಿ ಹಲವು ರಾತ್ರಿ ಮುಚ್ಚಿರುತ್ತವೆ.

ಒಂದು ಉದಾಹರಣೆಯನ್ನು ಕಲ್ಪಿಸಿಕೊಳ್ಳಬಹುದು. ತಂದೆ ಕುಮಟೆಯಲ್ಲಿ, ಮಗ ಮುಂಬಯಿಯಲ್ಲಿ. ಉತ್ತರ ಕನ್ನಡ ಜಿಲ್ಲೆಗೆ ಎಲ್ಲ ಸೌಲಭ್ಯಗಳುಳ್ಳ ದೊಡ್ಡ ಆಸ್ಪತ್ರೆ ಬೇಕೆಂದು ಅಲ್ಲಿನ ಜನ 2019ರಲ್ಲಿ ದೊಡ್ಡ ಕೂಗೆಬ್ಬಿಸಿದ್ದು ಹಲವರಿಗೆ ನೆನಪಿರಬಹುದು. ಗಂಭೀರ ಕಾಯಿಲೆಯಾದರೆ ಆ ಕರಾವಳಿಯವರು ಮಣಿಪಾಲ, ಮಂಗಳೂರು, ಹುಬ್ಬಳ್ಳಿ, ಗೋವೆಗಳ ಕಡೆ ಮುಖ ಮಾಡುತ್ತಾರೆ. ಕುಮಟೆಯಿಂದ ಮಣಿಪಾಲ ಸುಮಾರು 150 ಕಿ.ಮೀ.; ಹೆದ್ದಾರಿಯಲ್ಲಿ ಮೂರು, ಮೂರೂವರೆ ಗಂಟೆಯ ಹಾದಿ. ಮುಂಬಯಿಗೆ ವಿಮಾನದಲ್ಲಿ ತರಿಸಬೇಕೆಂದು ಮಗ ಹಟ ಹಿಡಿದರೆ? ಜಿಲ್ಲೆಯಲ್ಲಿ ನಾಗರಿಕ ವಿಮಾನ ನಿಲ್ದಾಣವಿಲ್ಲ. ತಂದೆಯನ್ನು ಮೊದಲು ಅಂಬುಲೆನ್ಸಿನಲ್ಲಿ ಗೋವೆಯ ದಾಬೋಳಿಗೆ ಒಯ್ಯಬೇಕು. ಅದೂ 150 ಕಿ.ಮೀ. ಆಸುಪಾಸಿನದೇ. ಅಲ್ಲಿ ಅಂಬುಲೆನ್ಸಿನಿಂದ ವಿಮಾನಕ್ಕೆ ಏರಿಸಿ, ಕೊಳವೆ ಕೊಳಾಯಿಗಳನ್ನೆಲ್ಲ ಬದಲಿಸಿ ಹೊರಡಲು ಮುಕ್ಕಾಲು ಗಂಟೆ, ಹಾರಾಟ ಒಂದು ಗಂಟೆ, ಮುಂಬಯಿಯಲ್ಲಿ ಇಳಿಸಿ ಸಂಚಾರದ ಸಂದಣಿಯಲ್ಲಿ ಆಸ್ಪತ್ರೆ ಮುಟ್ಟಲು ಮತ್ತೊಂದು, ಒಂದೂವರೆ ಗಂಟೆ. ಎಲ್ಲವೂ ಸುಸೂತ್ರವಾದರೂ ಆರು ಗಂಟೆಯ ಆಸುಪಾಸು ಹಿಡಿಯುತ್ತದೆ. ವಿಮಾನದ ದಾರಿಯೊಳಗೇ ಮಣಿಪಾಲದಷ್ಟು ಉದ್ದದ ರಸ್ತೆಪ್ರಯಾಣ ಅಡಗಿ ಕುಳಿತಿರುವುದನ್ನು ಈ ಲೆಕ್ಕ ತೋರಿಸುತ್ತದೆ. ಮಗನಿಗೆ ಮುಂಬಯಿ ಅನುಕೂಲ. ತಂದೆಯ ಹೃದಯಕ್ಕೆ ಮಣಿಪಾಲ ಅನುಕೂಲ. ಇಂಥಲ್ಲಿ ಮಗನೇ ವಿಮಾನ ಹತ್ತಿ ಮಂಗಳೂರಿಗೆ ಹೋಗುವುದು ಎಲ್ಲ ದೃಷ್ಟಿಯಿಂದಲೂ ಅಗ್ಗದ ಮಾರ್ಗ.

ಕಲಬುರಗಿಯಿಂದ ಹೈದರಾಬಾದಿಗೆ ಒಯ್ಯುವವರ ವಿಷಯವೂ ಹೀಗೆಯೇ. ಕಲಬುರಗಿಗೆ 2019ರಿಂದ ವಿಮಾನ ನಿಲ್ದಾಣವಿದ್ದರೂ, ಬರಿಯ ವಿಮಾನ ಹೈದರಾಬಾದಿನಿಂದ ಬಂದು ಇಳಿಯುವಷ್ಟರಲ್ಲಿ ಒಳ್ಳೆಯ ಅಂಬುಲೆನ್ಸು ಅರ್ಧ ದಾರಿಗೂ ಹೆಚ್ಚು ಕ್ರಮಿಸಿರುತ್ತದೆ. ದಿಲ್ಲಿಯಿಂದ ಬೆಂಗಳೂರಿಗೆ ಒಯ್ಯಬೇಕಾದರೆ ಮಾತೇ ಬೇರೆ. ಎರಡು ಸಾವಿರ ಕಿ.ಮೀ.ಗೂ ಮೀರಿದ ಆ ದಾರಿಯಲ್ಲಿ ತೀವ್ರ ನಿಗಾದಲ್ಲಿರುವ ರೋಗಿಯನ್ನು ರಸ್ತೆಯಲ್ಲಿ ಒಯ್ಯುವುದು ಅವಿವೇಕ.

ನಡುವಣ ದೂರಗಳಲ್ಲಿ ಪ್ರಶ್ನೆ ಕಠಿಣವಾಗುತ್ತದೆ. 2020ರ ಫೆಬ್ರವರಿಯಲ್ಲಿ ಸುಮಾರು 40 ದಿನದ ಹಸುಗೂಸೊಂದನ್ನು ಹೃದಯದ ಚಿಕಿತ್ಸೆಗಾಗಿ ಮಂಗಳೂರಿನಿಂದ ಬೆಂಗಳೂರಿನ ಜಯದೇವ ಆಸ್ಪತ್ರೆಗೆ ರಸ್ತೆಯಲ್ಲಿಯೇ ಒಯ್ದರು. ದಾರಿಯುದ್ದಕ್ಕೂ ಪೊಲೀಸರು ವಾಹನಗಳನ್ನು ತಡೆದು ಹಾದಿ ಬಿಡಿಸಿಕೊಟ್ಟರು. ಊರೂರಿನ ಜನ ರಸ್ತೆಬದಿ ನಿಂತು ನೆರವಾದರು. ಸಾಧಾರಣವಾಗಿ ಏಳೆಂಟು ಗಂಟೆ ಹಿಡಿಯುವ, ಘಟ್ಟ ಹತ್ತಬೇಕಾದ ದಾರಿಯನ್ನು ನಾಲ್ಕೂವರೆ ಗಂಟೆಯ ಆಸುಪಾಸಿನಲ್ಲಿ ಕ್ರಮಿಸಿದರು. ವಿಮಾನ ತರಿಸಿದ್ದರೂ ಬಜ್ಪೆಯ ದಾರಿ, ಕಾಯುವಿಕೆ, ಬೆಂಗಳೂರಿನ ಸಂಚಾರ ಎಲ್ಲ ಸೇರಿ ಅದಕ್ಕಿಂತ ಬಹಳ ಕಡಿಮೆ ಆಗುತ್ತಿರಲಿಲ್ಲ. ಆದರೆ ಅಂಥ 'ಹಸಿರು ಹಾದಿ' ಎಲ್ಲ ರೋಗಿಗಳಿಗೂ ಎಲ್ಲ ದಿನವೂ ದೊರೆಯುವಂಥದಲ್ಲ.

ಬ್ರಿಟನ್ನಿನ ವೈದ್ಯರು ಒಂದು ಸ್ಥೂಲ ಗೆರೆ ಎಳೆದುಕೊಂಡಿದ್ದಾರೆ: 80 ಕಿ.ಮೀ. ಅಥವಾ ಎರಡು ಗಂಟೆಯೊಳಗಿನ ಹಾದಿಗೆ ರಸ್ತೆ. ಅದಕ್ಕೂ ಹೆಚ್ಚಾದರೆ ಗಗನಮಾರ್ಗವನ್ನು ಆಲೋಚಿಸಬಹುದು. ಅಲ್ಲಿ ಆಸ್ಪತ್ರೆಯ ಅಂಗಳಕ್ಕೇ ಇಳಿಯುವ ಹೆಲಿಕಾಪ್ಟರುಗಳ ಜಾಲವಿದೆ. ನಮ್ಮಲ್ಲಿ ಅದು ಇನ್ನೂ ಅಂಬೆಗಾಲಿನದು. ಋಷಿಕೇಶದ ಏಮ್ಸ್ ಆಸ್ಪತ್ರೆಯಿಂದ 2024ರ ಅಕ್ಟೋಬರಿನಲ್ಲಿ ಹೆಲಿಕಾಪ್ಟರ್ ಅಂಬುಲೆನ್ಸ್ ಆರಂಭವಾಯಿತು. ಹಿಮಾಲಯದ ಕಣಿವೆಗಳಿಗೆ ಅದರ ಅಗತ್ಯ ಸ್ವತಃಸಿದ್ಧ. ಬಯಲುಸೀಮೆಯ ಸಂಸಾರಕ್ಕೆ ಹೆಲಿಕಾಪ್ಟರೆಂಬುದು ಬಹುಮಟ್ಟಿಗೆ ಹಗಲಿನ, ಒಳ್ಳೆಯ ಹವೆಯ ವಾಹನ ಎಂದು ತಿಳಿದರೆ ಸಾಕು. ಆದಕಾರಣ ಬ್ರಿಟನ್ನಿನ ಗೆರೆಯನ್ನು ನಮ್ಮಲ್ಲಿ ಸಾಕಷ್ಟು ಆಚೆಗೆ ಸರಿಸಿಕೊಳ್ಳಬೇಕು. ಸುಸಜ್ಜಿತ ಅಂಬುಲೆನ್ಸು ದೊರೆತು ರಸ್ತೆಯೂ ಚೆನ್ನಾಗಿದ್ದರೆ ಇನ್ನೂರು, ಇನ್ನೂರೈವತ್ತು ಕಿ.ಮೀ.ವರೆಗೆ ನೆಲದ ಹಾದಿ ಸೋಲುವುದು ಅಪರೂಪ.

ಎತ್ತರದಲ್ಲಿ ದೇಹಕ್ಕೆ ಆಗುವುದೇನು?

ಕಾಲದ ಲೆಕ್ಕದಲ್ಲಿ ವಿಮಾನ ಗೆದ್ದರೂ, ದೇಹದ ಲೆಕ್ಕವೊಂದು ಉಳಿದಿರುತ್ತದೆ. ಪ್ರಯಾಣಿಕರ ಕೊಠಡಿಯಲ್ಲಿ ಗಾಳಿಯ ಒತ್ತಡವನ್ನು ಯಂತ್ರದಿಂದ ಕಾಪಾಡುವರಾದರೂ ಅದು ನೆಲದ ಮೇಲಿನಷ್ಟು ಇರುವುದಿಲ್ಲ. ಸಾಮಾನ್ಯವಾಗಿ 6,000ದಿಂದ 8,000 ಅಡಿ ಎತ್ತರದ ಒತ್ತಡಕ್ಕೆ ಸಮನಾಗಿರುತ್ತದೆ. ಉದಕಮಂಡಲ ಸಮುದ್ರಮಟ್ಟದಿಂದ ಸುಮಾರು 7,350 ಅಡಿ. ಚೆನ್ನೈಯಲ್ಲಿ ಮಲಗಿದ್ದ ರೋಗಿಯನ್ನು ಅರ್ಧ ಗಂಟೆಯೊಳಗೆ ಊಟಿಯ ಬೆಟ್ಟದ ಮೇಲೆ ಇಟ್ಟಂತೆ ಇದು. ಆರೋಗ್ಯವಂತನಿಗೆ ಅಲ್ಲಿ ಏನೂ ಅನಿಸದು. ರಕ್ತದಲ್ಲಿನ ಆಮ್ಲಜನಕದ ಪ್ರಮಾಣ ಕೊಂಚ ಇಳಿಯುವುದಷ್ಟೆ. ನ್ಯುಮೋನಿಯದಿಂದ ಬಳಲುತ್ತ, ನೆಲದ ಮೇಲೆಯೇ ಹೆಚ್ಚು ಆಮ್ಲಜನಕ ಬೇಡುತ್ತಿರುವವರಿಗೆ ಆ ಇಳಿತ ಪ್ರಾಣಾಂತಿಕವಾಗಬಹುದು. ಆದ್ದರಿಂದ ಹಾರಾಟದಲ್ಲಿ ಆಮ್ಲಜನಕವನ್ನು ಹೆಚ್ಚಿಸಬೇಕಾಗುತ್ತದೆ. ನೆಲದ ಮೇಲೆಯೇ ಪೂರ್ಣ ಪ್ರಮಾಣದಲ್ಲಿ ಕೊಡುತ್ತಿದ್ದರೆ ಹೆಚ್ಚಿಸಲು ಉಳಿದಿರುವುದಾದರೂ ಏನು?

ಎರಡನೆಯದು ಗಾಳಿಯ ಹಿಗ್ಗುವಿಕೆ. ಒತ್ತಡ ಇಳಿದಂತೆ ಗಾಳಿ ಹಿಗ್ಗುತ್ತದೆಂಬ ಬಾಯ್ಲನ ನಿಯಮವನ್ನು ಶಾಲೆಯಲ್ಲಿ ಎಲ್ಲರೂ ಓದಿದ್ದಾರೆ. 8,000 ಅಡಿಯಲ್ಲಿ ಒತ್ತಡ ಸಮುದ್ರಮಟ್ಟದ ಮುಕ್ಕಾಲು ಪಾಲಿನಷ್ಟು. ಅಂದರೆ ಮೂರು ಲೋಟದ ಗಾಳಿ ನಾಲ್ಕು ಲೋಟವಾಗುತ್ತದೆ. ದೇಹದೊಳಗೆ ಮುಚ್ಚಿದ ಸ್ಥಳದಲ್ಲಿ ಗಾಳಿ ಸಿಕ್ಕಿಕೊಂಡಿದ್ದರೆ ಇದು ಅಪಾಯಕಾರಿ. ಪಕ್ಕೆಲುಬು ಮುರಿದು ಶ್ವಾಸಕೋಶದ ಸುತ್ತ ಗಾಳಿ ತುಂಬಿಕೊಂಡವರಿಗೆ, ಹೊರಡುವ ಮೊದಲು ಎದೆಗೆ ಕೊಳವೆ ಹಾಕಿ ಆ ಗಾಳಿಯನ್ನು ಹೊರಬಿಡಲೇಬೇಕು. ತಲೆಗೆ ಪೆಟ್ಟಾಗಿ ಅಥವಾ ಶಸ್ತ್ರಚಿಕಿತ್ಸೆಯಾಗಿ ತಲೆಬುರುಡೆಯೊಳಗೆ ಗಾಳಿ ಉಳಿದಿರುವವರು, ಕರುಳಿನ ಶಸ್ತ್ರಚಿಕಿತ್ಸೆಯ ಹೊಲಿಗೆ ಹಸಿಯಾಗಿರುವವರು, ಕರುಳು ಕಟ್ಟಿ ಹೊಟ್ಟೆ ಉಬ್ಬಿದವರು ಇದೇ ಗುಂಪಿಗೆ ಸೇರುತ್ತಾರೆ. ಗಂಟಲೊಳಗಿನ ಉಸಿರುಕೊಳವೆಗೆ ಆನಿಸಿರುವ ಪುಟ್ಟ ಗಾಳಿಚೀಲವೂ ಹಿಗ್ಗಿ ಶ್ವಾಸನಾಳವನ್ನು ಒತ್ತುತ್ತದೆ. ಅದರ ಒತ್ತಡವನ್ನು ಹಾರಾಟದಲ್ಲಿ ಮತ್ತೆ ಮತ್ತೆ ಅಳೆಯಬೇಕು. ಹೊಸದಾಗಿ ಹಾಕಿದ ಪ್ಲಾಸ್ಟರ್ ಪಟ್ಟಿಯನ್ನು ಉದ್ದಕ್ಕೆ ಸೀಳಿ ಸಡಿಲಿಸದಿದ್ದರೆ ಊದಿದ ಕಾಲಿಗೆ ರಕ್ತ ಹರಿಯದಂತಾಗಬಹುದು. ಇಂಥವರಿಗಾಗಿ ವಿಮಾನವನ್ನು ಕೆಳಮಟ್ಟದಲ್ಲಿ ಹಾರಿಸಿ ಒಳಗಿನ ಒತ್ತಡವನ್ನು ನೆಲದ ಮಟ್ಟದಲ್ಲೇ ಇಡಲು ಸಾಧ್ಯವುಂಟು. ಇಂಧನ ಹೆಚ್ಚು ಬೇಕು, ಖರ್ಚೂ ಏರುತ್ತದೆ. ಆದರೆ ಹೊರಡುವ ಮೊದಲೇ ಕೇಳಿಕೊಳ್ಳಬೇಕಾದ ಮಾತಿದು.

ಉಳಿದ ತೊಡಕುಗಳು ಚಿಕ್ಕವು, ಆದರೆ ಇಲ್ಲದಿಲ್ಲ. ಸಣ್ಣ ವಿಮಾನದೊಳಗೆ ವೈದ್ಯನಿಗೆ ನಿಲ್ಲಲೂ ಸ್ಥಳವಿರದು. ಹೆಲಿಕಾಪ್ಟರಿನ ಸದ್ದಿನಲ್ಲಿ ಸ್ಟೆತಾಸ್ಕೋಪು ನಿರುಪಯೋಗಿ. ಅಂಬುಲೆನ್ಸನ್ನಾದರೆ ರಸ್ತೆಬದಿ ನಿಲ್ಲಿಸಿ ಚಿಕಿತ್ಸೆ ಮಾಡಬಹುದು, ಅಗತ್ಯವಾದರೆ ನಡುದಾರಿಯ ಆಸ್ಪತ್ರೆಗೆ ತಿರುಗಿಸಬಹುದು; ಆಕಾಶದಲ್ಲಿ ಆ ಸವಲತ್ತು ಇಲ್ಲ.

ಹಾಗೆಂದು ರಸ್ತೆ ನಿರಪಾಯಕಾರಿಯೆಂದು ಭಾವಿಸಬಾರದು. ಚಾಲಕ ಬ್ರೇಕು ಒತ್ತಿದಾಗಲೆಲ್ಲ ತಲೆಯನ್ನು ಮುಂದಕ್ಕಿಟ್ಟು ಮಲಗಿದ ರೋಗಿಯ ರಕ್ತ ತಲೆಯ ಕಡೆಗೆ ನುಗ್ಗುತ್ತದೆ; ವೇಗ ಹೆಚ್ಚಿಸಿದಾಗ ಕಾಲಿನ ಕಡೆಗೆ ಇಳಿಯುತ್ತದೆ. ರಕ್ತದೊತ್ತಡ ತೂಗಾಡುತ್ತಿರುವವರಿಗೆ, ಮೆದುಳು ಊದಿಕೊಂಡವರಿಗೆ ಈ ಎಳೆದಾಟ ಒಳಿತಲ್ಲ. ಸೈರನ್ ಕೂಗಿಸುತ್ತ ನೂರಿಪ್ಪತ್ತರ ವೇಗದಲ್ಲಿ ನುಗ್ಗುವ ಚಾಲಕನಿಗಿಂತ, ಎಪ್ಪತ್ತರ ವೇಗವನ್ನು ಏರಿಳಿತವಿಲ್ಲದೆ ಕಾಯ್ದುಕೊಳ್ಳುವ ಚಾಲಕ ಹೆಚ್ಚಿನ ಉಪಕಾರಿ. ಬಂಧುಗಳು ಮುಂದೆ ಕುಳಿತು "ಇನ್ನೂ ಬೇಗ, ಇನ್ನೂ ಬೇಗ" ಎಂದು ಅವಸರಪಡಿಸುವುದು ಪ್ರೀತಿಯಿಂದಲೇ. 2022ರ ಜುಲೈಯಲ್ಲಿ ಹೊನ್ನಾವರದಿಂದ ಕುಂದಾಪುರಕ್ಕೆ ರೋಗಿಯನ್ನು ಒಯ್ಯುತ್ತಿದ್ದ ಅಂಬುಲೆನ್ಸು ಶಿರೂರಿನ ಸುಂಕದ ಕಟ್ಟೆಯ ಬಳಿ ಮಳೆಯಿಂದ ಒದ್ದೆಯಾದ ರಸ್ತೆಯಲ್ಲಿ ಜಾರಿ ಮಗುಚಿ, ನಾಲ್ವರು ಮೃತರಾದರು.

ಆಕಾಶದಲ್ಲೂ ದುರಂತಗಳು ನಡೆದಿವೆ. 2011ರ ಮೇ 25ರಂದು ಪಾಟ್ನಾದಿಂದ ದಿಲ್ಲಿಗೆ ರೋಗಿಯೊಬ್ಬರನ್ನು ತರುತ್ತಿದ್ದ ಚಿಕ್ಕ ವಿಮಾನ ಕೆಟ್ಟ ಹವೆಗೆ ಸಿಕ್ಕಿ ಫರೀದಾಬಾದಿನ ಮನೆಗಳ ಮೇಲೆ ಬಿದ್ದು, ಅದರೊಳಗಿದ್ದ ಏಳು ಮಂದಿಯೂ ನೆಲದ ಮೇಲಿದ್ದ ಮೂವರೂ ಅಸುನೀಗಿದರು. 2021ರ ಮೇ 6ರಂದು ನಾಗಪುರದಿಂದ ಹೊರಟ ರೋಗಿವಿಮಾನದ ಚಕ್ರವೊಂದು ಏರುವಾಗಲೇ ಕಳಚಿ ಬಿತ್ತು. ಮುಂಬಯಿಯ ಓಡುಹಾದಿಯ ಮೇಲೆ ನೊರೆ ಹರಡಿ, ವಿಮಾನವನ್ನು ಹೊಟ್ಟೆಯ ಮೇಲೆ ಇಳಿಸಿ ಐವರನ್ನೂ ಉಳಿಸಿದರು. ಋಷಿಕೇಶದ ಹೆಲಿಕಾಪ್ಟರೂ 2025ರ ಮೇ ತಿಂಗಳಲ್ಲಿ ಕೇದಾರನಾಥದಲ್ಲಿ ಇಳಿಯುವಾಗ ಅಪಘಾತಕ್ಕೀಡಾಯಿತು, ಅದರಲ್ಲಿದ್ದವರು ಪಾರಾದರು. ಇವನ್ನು ಹೆದರಿಸಲೆಂದು ಹೇಳಿದ್ದಲ್ಲ. ಹವೆ ಸರಿಯಿಲ್ಲವೆಂದು ವೈಮಾನಿಕ ಹೊರಡಲು ಒಪ್ಪದಿದ್ದಾಗ ದುಡ್ಡಿನ ಆಸೆ ತೋರಿಸಿ ಅಥವಾ ಪ್ರಭಾವ ಬೀರಿ ಒತ್ತಾಯಿಸುವವರು ಉಂಟು. ಜನವರಿಯ ದಿಲ್ಲಿಯ ಮಂಜು, ಜುಲೈಯ ಕರಾವಳಿಯ ಮಳೆ, ಇವು ರೋಗಿಯ ಅಂತಸ್ತನ್ನು ನೋಡುವುದಿಲ್ಲ.

ಒಯ್ಯಲೇಬೇಕೆ?

ವಾಹನದ ಆಯ್ಕೆಗಿಂತ ಹಿಂದಿನ ಪ್ರಶ್ನೆ ಇದು. ಹೃದಯಾಘಾತವನ್ನೇ ತೆಗೆದುಕೊಳ್ಳೋಣ. ಮುಚ್ಚಿದ ರಕ್ತನಾಳವನ್ನು ಬಲೂನಿನಿಂದ ತೆರೆಯುವ ಆಸ್ಪತ್ರೆ ಎರಡು ಗಂಟೆಯೊಳಗೆ ದೊರೆಯುವಂತಿದ್ದರೆ ನೇರವಾಗಿ ಅಲ್ಲಿಗೆ ಒಯ್ಯಬೇಕು. ದೊರೆಯುವಂತಿಲ್ಲದಿದ್ದರೆ ಹೆಪ್ಪು ಕರಗಿಸುವ ಚುಚ್ಚುಮದ್ದನ್ನು ಇದ್ದಲ್ಲಿಯೇ ಕೊಡಿಸಿ ಆಮೇಲೆ ಸಾಗಿಸಬೇಕೆಂಬುದು ಸರ್ವಸಮ್ಮತ ಕ್ರಮ. ಕರ್ನಾಟಕದ ತಾಲೂಕು ಆಸ್ಪತ್ರೆಗಳಲ್ಲಿ ಪುನೀತ್ ರಾಜ್‌ಕುಮಾರ್ ಹೆಸರಿನ ಹೃದಯಜ್ಯೋತಿ ಯೋಜನೆಯ ಮೂಲಕ ಇಂಥ ಚುಚ್ಚುಮದ್ದು ಉಚಿತವಾಗಿ ದೊರೆಯುವ ಏರ್ಪಾಡು ಈಚಿನ ವರ್ಷಗಳಲ್ಲಿ ಆಗಿದೆ. ಅಂದಮೇಲೆ ದೂರದಲ್ಲಿರುವ ಮಗ ಫೋನಿನಲ್ಲಿ ಮೊದಲು ಕೇಳಬೇಕಾದದ್ದು "ವಿಮಾನ ಸಿಗುವುದೇ?" ಎಂದಲ್ಲ, "ಚುಚ್ಚುಮದ್ದು ಕೊಟ್ಟಿರಾ?" ಎಂದು. ಪಾರ್ಶ್ವವಾಯುವಿಗೆ ಹೆಪ್ಪು ಕರಗಿಸುವ ಔಷಧವನ್ನು ಲಕ್ಷಣ ಕಂಡ ನಾಲ್ಕೂವರೆ ಗಂಟೆಯೊಳಗೆ ಕೊಡಬೇಕು; ತಲೆಯ ಸ್ಕ್ಯಾನ್ ಮಾಡುವ ಅತಿ ಸಮೀಪದ ಆಸ್ಪತ್ರೆಯೇ ಅಲ್ಲಿ ಅತಿ ದೊಡ್ಡ ಆಸ್ಪತ್ರೆ. ಹಾವು ಕಚ್ಚಿದವರಿಗೆ ವಿಷಪ್ರತಿರೋಧಕ ಇದ್ದೂರಿನಲ್ಲಿಯೇ ಬೀಳಬೇಕು. ದಿನ ತುಂಬುವ ಮೊದಲೇ ಹೆರಿಗೆಯ ಸೂಚನೆ ಕಂಡರೆ ಹುಟ್ಟಿದ ಕೂಸನ್ನು ಆಮೇಲೆ ಸಾಗಿಸುವುದಕ್ಕಿಂತ ತಾಯಿಯನ್ನೇ ಮುಂಚಿತವಾಗಿ ಸಾಗಿಸುವುದು ಮೇಲು. ಗರ್ಭಕ್ಕಿಂತ ಒಳ್ಳೆಯ ಅಂಬುಲೆನ್ಸನ್ನು ಯಾರೂ ಇನ್ನೂ ಕಟ್ಟಿಲ್ಲ.

ಒಯ್ಯುವುದೇ ಸರಿಯೆಂದು ಎರಡೂ ಕಡೆಯ ವೈದ್ಯರು ಒಪ್ಪಿದ ಮೇಲೆ, ಯಾವ ವಾಹನ ಎನ್ನುವಷ್ಟೇ ಮುಖ್ಯವಾದದ್ದು ಅದರೊಳಗೆ ಯಾರಿದ್ದಾರೆ ಎಂಬುದು. ಭಾರತದಲ್ಲಿ ಅಂಬುಲೆನ್ಸುಗಳಿಗೆ ಎ.ಐ.ಎಸ್. 125 ಎಂಬ ನಿಯಮಾವಳಿಯಿದ್ದು ಅದರಲ್ಲಿ ಎ, ಬಿ, ಸಿ, ಡಿ ಎಂದು ನಾಲ್ಕು ವರ್ಗಗಳಿವೆ. ತೀವ್ರ ನಿಗಾದ ರೋಗಿಗೆ ಬೇಕಾದದ್ದು ಡಿ ವರ್ಗದ್ದು. ಹೊರಗೆ 'ಐ.ಸಿ.ಯು.' ಎಂದು ಬಣ್ಣದಲ್ಲಿ ಬರೆಸಿದ ಮಾತ್ರಕ್ಕೆ ಒಳಗೆ ಶ್ವಾಸಯಂತ್ರವೂ ಅದನ್ನು ನಡೆಸಬಲ್ಲವರೂ ಇರುತ್ತಾರೆಂಬ ಭರವಸೆಯಿಲ್ಲ, ಹತ್ತಿ ನೋಡಬೇಕು. ಆಮ್ಲಜನಕದ ಲೆಕ್ಕವನ್ನು ಬಂಧುಗಳೇ ಹಾಕಬಹುದು. ಬಿ ಮಾದರಿಯ ಸಿಲಿಂಡರಿನಲ್ಲಿ ಸುಮಾರು 1,500 ಲೀಟರು ಇರುತ್ತದೆ. ನಿಮಿಷಕ್ಕೆ 10 ಲೀಟರಿನಂತೆ ಕೊಟ್ಟರೆ ಎರಡೂವರೆ ಗಂಟೆಗೆ ಬರಿದಾಗುತ್ತದೆ. ಮೂರು ಗಂಟೆಯ ದಾರಿಗೆ 1,800 ಲೀಟರು ಬೇಕು; ದಾರಿಯಲ್ಲಿ ತಡೆ ಬಂದೀತೆಂದು ಇಮ್ಮಡಿ ಒಯ್ಯುವುದು ರೂಢಿ, ಅಂದರೆ 3,600. ಹೀಗೆ ಮೂರು ಸಿಲಿಂಡರುಗಳಾದವು. ಎರಡು ಮಾತ್ರ ಇದ್ದರೆ ಹೊರಡುವ ಮೊದಲೇ ಮೂರನೆಯದನ್ನು ತರಿಸಬೇಕು. ಸೇರಿಸಿಕೊಳ್ಳುವ ಆಸ್ಪತ್ರೆ ಹಾಸಿಗೆಯನ್ನು ಕಾಯ್ದಿರಿಸಿದೆಯೆಂಬುದಕ್ಕೆ ವೈದ್ಯರ ಹೆಸರು, ವೇಳೆ ಸಹಿತ ಲಿಖಿತ ಸಂದೇಶ ಕೈಯಲ್ಲಿರಲಿ. ಲಕ್ಷಗಟ್ಟಲೆ ತೆತ್ತು ವಿಮಾನದಲ್ಲಿ ಬಂದು ಆಸ್ಪತ್ರೆಯ ಬಾಗಿಲಲ್ಲಿ ಹಾಸಿಗೆಗೆ ಕಾಯ್ದವರ ಕಥೆಗಳು 2021ರ ಕೋವಿಡ್ ದಿನಗಳಲ್ಲಿ ಕಡಿಮೆಯೇನೂ ಇರಲಿಲ್ಲ.

ಹಣದ ಮಾತು

ರೋಗಿವಿಮಾನದ ಬಾಡಿಗೆ ದೂರವನ್ನೂ ವಿಮಾನದ ಗಾತ್ರವನ್ನೂ ಅನುಸರಿಸಿ ಹಲವು ಲಕ್ಷ ರೂಪಾಯಿಗಳಾಗುತ್ತದೆ. ಬರಿದಾಗಿ ಬರುವ ಹಾರಾಟ, ಬರಿದಾಗಿ ಮರಳುವ ಹಾರಾಟ ಎರಡನ್ನೂ ರೋಗಿಯ ಮನೆಯವರೇ ತೆರಬೇಕು. ವೈದ್ಯರ ತಂಡ, ನೆಲದ ಮೇಲಿನ ಎರಡು ಅಂಬುಲೆನ್ಸುಗಳು, ನಿಲ್ದಾಣದ ಶುಲ್ಕ, ತೆರಿಗೆ ಇವು ಮೊತ್ತದಲ್ಲಿ ಸೇರಿವೆಯೇ ಎಂದು ಬಿಡಿಬಿಡಿಯಾಗಿ ಬರೆಸಿಕೊಳ್ಳಬೇಕು. ಹವೆ ಕೆಟ್ಟು ವಿಮಾನ ಹಾರದಿದ್ದರೆ, ಅಥವಾ ಅದು ಬಂದು ಇಳಿಯುವಷ್ಟರಲ್ಲಿ ರೋಗಿ ಒಯ್ಯುವ ಸ್ಥಿತಿಯಲ್ಲಿಲ್ಲದಿದ್ದರೆ ಎಷ್ಟು ಹಿಂದಿರುಗಿಸುವರೆಂಬುದು ಕೇಳಲು ಕಷ್ಟವಾದ ಪ್ರಶ್ನೆ, ಆದರೂ ಕೇಳಬೇಕು. ಜಾಹೀರಾತು ಕೊಡುವವರಲ್ಲಿ ಅನೇಕರು ಸ್ವಂತ ವಿಮಾನವಿಲ್ಲದ ಮಧ್ಯವರ್ತಿಗಳು. ವಿಮಾನ ಯಾರದು, ನಾಗರಿಕ ವಿಮಾನಯಾನ ಮಹಾನಿರ್ದೇಶನಾಲಯದ ಪರವಾನಗಿ ಅವರಿಗಿದೆಯೇ ಎಂಬುದನ್ನು ತಿಳಿಯದೆ ಅಪರಿಚಿತ ಖಾತೆಗೆ ಮುಂಗಡ ಕಳಿಸುವುದು ಕೂಡದು.

ಸಾಮಾನ್ಯವಾಗಿ ಹಣ ಸಂದ ಮೇಲೆಯೇ ವಿಮಾನ ಮೇಲೇಳುತ್ತದೆ. ಹಿಂದೆ ಶನಿವಾರ ಸಂಜೆಯಿಂದ ಸೋಮವಾರ ಬೆಳಗಿನವರೆಗೆ ದೊಡ್ಡ ಮೊತ್ತ ಕಳಿಸುವ ದಾರಿಯೇ ಇರುತ್ತಿರಲಿಲ್ಲ. ನೆಫ್ಟ್ 2019ರ ಡಿಸೆಂಬರಿನಿಂದಲೂ ಆರ್.ಟಿ.ಜಿ.ಎಸ್. 2020ರ ಡಿಸೆಂಬರಿನಿಂದಲೂ ಹಗಲಿರುಳು ನಡೆಯುತ್ತಿವೆ. ಆದರೂ ತೊಡಕು ತೀರಿಲ್ಲ. ಹೊಸದಾಗಿ ಸೇರಿಸಿದ ಖಾತೆಗೆ ಮೊದಲ ಒಂದು ದಿನ ಅಲ್ಪ ಮೊತ್ತವನ್ನಷ್ಟೇ ಕಳಿಸಲು ಹಲವು ಬ್ಯಾಂಕುಗಳು ಬಿಡುತ್ತವೆ. ದಿನದ ಮಿತಿ ಬೇರೆ ಇರುತ್ತದೆ. ವಂಚನೆ ತಡೆಯಲು ಹಾಕಿದ ಈ ಬೇಲಿ ಸಂಕಟದ ರಾತ್ರಿ ಮನೆಯವರಿಗೇ ಅಡ್ಡವಾಗುತ್ತದೆ. ವಯಸ್ಸಾದ ತಂದೆತಾಯಿಗಳುಳ್ಳವರು ಈ ಮಿತಿಗಳನ್ನು ಮುಂಚಿತವಾಗಿ ಏರಿಸಿಟ್ಟುಕೊಳ್ಳುವುದು, ಸಂಸಾರದ ಇಬ್ಬರ ಖಾತೆಗಳಲ್ಲಾದರೂ ಆ ಸೌಲಭ್ಯ ಇರುವಂತೆ ನೋಡಿಕೊಳ್ಳುವುದು ವಿವೇಕ. ಆರೋಗ್ಯವಿಮೆಯ ಬಗ್ಗೆಯೂ ಭ್ರಮೆ ಬೇಡ. ಎಷ್ಟೋ ಪಾಲಿಸಿಗಳಲ್ಲಿ ರಸ್ತೆಯ ಅಂಬುಲೆನ್ಸಿಗೆ ಕೆಲವೇ ಸಾವಿರದ ಮಿತಿಯಿರುತ್ತದೆ. ವಿಮಾನದ ಖರ್ಚು ಪ್ರತ್ಯೇಕ ಕಂತು ಕಟ್ಟಿ ಸೇರಿಸಿಕೊಂಡಿದ್ದರೆ ಮಾತ್ರ ದೊರೆಯುತ್ತದೆ, ಅದೂ ತಕ್ಕ ಚಿಕಿತ್ಸೆ ದೊರೆಯುವ ಸಮೀಪದ ಆಸ್ಪತ್ರೆಗೆ ಒಯ್ದಾಗ. ಮಕ್ಕಳಿರುವ ನಗರಕ್ಕೆ ಒಯ್ದದ್ದು 'ಅಗತ್ಯ' ಎನಿಸಿಕೊಳ್ಳುವುದು ಕಷ್ಟ.

ಮರಳುವ ಪ್ರಯಾಣ

ಇನ್ನೊಂದು ಬಗೆಯ ಸಾಗಣೆಯ ವಿಷಯ ಆರೋಗ್ಯ ಲೇಖನಗಳಲ್ಲಿ ಕಾಣುವುದು ಅಪರೂಪ. ಮಹಾನಗರದಲ್ಲಿ ಚಿಕಿತ್ಸೆ ಮುಗಿದು, ಇನ್ನು ಮಾಡುವುದೇನೂ ಉಳಿದಿಲ್ಲವೆಂದು ವೈದ್ಯರು ಹೇಳಿದ ಮೇಲೆ, ಊರಿನ ಜಗಲಿಯ ಮೇಲೆ ಕಣ್ಣು ಮುಚ್ಚಬೇಕೆಂದು ಹಿರಿಯರು ಕೇಳುತ್ತಾರೆ. ಅಥವಾ ಪಾರ್ಶ್ವವಾಯುವಿನಿಂದ ಮಲಗಿದ ತಾಯಿಯನ್ನು ತಿಂಗಳುಗಟ್ಟಲೆ ನೋಡಿಕೊಳ್ಳಲು ಊರಿನ ಅಕ್ಕ ಒಪ್ಪಿದ್ದಾಳೆ. ಇಲ್ಲಿ ವೇಗಕ್ಕೆ ಬೆಲೆಯಿಲ್ಲ, ನೆಮ್ಮದಿಗೆ ಬೆಲೆಯುಂಟು. ಕೆಲವು ವಿಮಾನಸಂಸ್ಥೆಗಳು ಸಾಧಾರಣ ವಿಮಾನದಲ್ಲಿಯೇ ಹಲವು ಆಸನಗಳನ್ನು ಮಡಚಿ ಮೇಲೆ ಡೋಲಿ ಕಟ್ಟಿಕೊಡುತ್ತವೆ. ವೈದ್ಯರು ತುಂಬಿದ ನಮೂನೆಯನ್ನು ಎರಡು ಮೂರು ದಿನ ಮುಂಚಿತವಾಗಿ ಸಲ್ಲಿಸಬೇಕು, ಜೊತೆಗೊಬ್ಬರು ಇರಬೇಕು. ಇಡೀ ವಿಮಾನದ ಬಾಡಿಗೆಗೆ ಹೋಲಿಸಿದರೆ ಇದು ಸಣ್ಣ ಪಾಲು. ಎದ್ದು ಕೂಡಬಲ್ಲವರಿಗೆ ರೈಲಿನ ಮೊದಲ ದರ್ಜೆಯ ಕೋಣೆ ಸಾಕು. ಮುಂಬಯಿ-ಹುಬ್ಬಳ್ಳಿ, ಪುಣೆ-ಬೆಳಗಾವಿಯಂಥ ದೂರಗಳಿಗೆ ರಾತ್ರಿ ಹೊರಟು ನಿಧಾನವಾಗಿ ಸಾಗುವ ಅಂಬುಲೆನ್ಸು ವಾಸಿ. ಒತ್ತುಹುಣ್ಣಾಗದಂತೆ ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸುತ್ತ, ನೋವಿನ ಮದ್ದನ್ನು ವೇಳೆಗೆ ಸರಿಯಾಗಿ ಕೊಡುತ್ತ ಹೋಗಬಹುದು.

ಇಂಥ ಪ್ರಯಾಣದಲ್ಲಿ ಹಿರಿಯರು ದಾರಿಯಲ್ಲಿಯೇ ತೀರಿಕೊಳ್ಳುವ ಸಂಭವವುಂಟು. ರಾಜ್ಯದ ಗಡಿಯ ಬಳಿ, ಗುರುತುಪರಿಚಯವಿಲ್ಲದ ಊರಿನಲ್ಲಿ, ಮರಣದ ಕಾರಣ ದೃಢೀಕರಿಸುವವರಿಲ್ಲದೆ ಮನೆಯವರು ಪೇಚಿಗೆ ಸಿಕ್ಕುತ್ತಾರೆ. ಕಾಯಿಲೆಯ ಹೆಸರು, ಅದರ ಹಂತ, ಮನೆಗೆ ಕಳಿಸುತ್ತಿರುವ ಕಾರಣ, ದಾರಿಯಲ್ಲಿ ಪ್ರಾಣ ಹೋಗುವ ಸಾಧ್ಯತೆ, ಚಿಕಿತ್ಸೆ ಮಾಡಿದ ವೈದ್ಯರ ದೂರವಾಣಿ ಸಂಖ್ಯೆ ಇವಿಷ್ಟನ್ನು ಆಸ್ಪತ್ರೆಯ ಕಾಗದದ ಮೇಲೆ ಬರೆಸಿ ಮೊಹರು ಹಾಕಿಸಿಕೊಂಡು, ಕಡತದ ಮೇಲ್ಭಾಗದಲ್ಲಿಯೇ ಇಟ್ಟುಕೊಂಡು ಹೊರಡಬೇಕು.